ಬೀಗರ ಭಾಷೆ
ಸಿಡ್ನಿಯ ಗಿರಾವೀನಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಅಡಿವೆಪ್ಪನವರು ಬೆಳಗ್ಗೆ ತೊರೆಯ ದಂಡೆಗೆ ಇಳಿದರೆಂದರೆ ಬಾತುಕೋಳಿಗೂ ಕೊರಿಯನ್ನಿನಲ್ಲೇ ನಮಸ್ಕಾರ. ಜೊತೆಗೆ ನಡೆಯುವ ಕೊರಿಯಾದ ಮುದುಕರು, ಮಿಸ್ಟರ್ ಚೊಯ್, ಒಂದು ಮಾತು ಕಲಿಸಿದರೆ ಇವರು ಇನ್ನೊಂದನ್ನು ಕೊಸರಿಗೆ ಕೇಳುತ್ತಾರೆ. "ಇಷ್ಟೆಲ್ಲ ಕಲ್ತು ಕೊರಿಯಾದಾಗ ಅಂಗಡಿ ಇಡಾವ್ರೇನ್ರೀ?" ಎಂದು ಹೆಂಡತಿ ಚನ್ನಬಸವ್ವ ಕಾಲೆಳೆದರೆ, "ನೀ ಗಲ್ಲಾದ ಮ್ಯಾಲ ಕುಂದ್ರಾಕ ತಯಾರಾಗು" ಅನ್ನುತ್ತಾರೆ. ಮಗ ಸಂಕೇತ ಕೊರಿಯಾದ ಹುಡುಗಿಯನ್ನು ಮದುವೆಯಾದಾಗ ಅವಳ ತಂದೆ ಮನೆಗೆ ಬಂದಿದ್ದರು. "ನಾವು ಗಂಡಿನ ಕಡಿಯಾವ್ರು, ಬೀಗ್ರೇ ಮೊದ್ಲ ಮಾತಾಡಸ್ಲಿ" ಎಂದು ಇವರು ಬಿಗಿದುಕೊಂಡೇ ಕೂತರು. ಆ ಮನುಷ್ಯ ಪಿಯರ್ ಹಣ್ಣು ಸುಲಿದು ಎರಡೂ ಕೈಯಲ್ಲಿ ಒಡ್ಡಿದರೂ ಇವರು ತುಟಿ ಬಿಚ್ಚಲಿಲ್ಲ. ಹೋದ ವರ್ಷ ಬೀಗರು ತೀರಿಕೊಂಡರು. ಈಗ ಅಡಿವೆಪ್ಪನವರು ದಿನವೂ ಹರಿಯುವ ನೀರಿಗೆ ಮುಖಮಾಡಿ "ಶಿಕ್ಸಾ ಹಾಶೊಸ್ಸೊಯೊ", ಊಟ ಆಯಿತೇ, ಎಂದು ಕೇಳುತ್ತಾರೆ. ಕೇಳಿದ್ದು ತಮ್ಮನ್ನಲ್ಲವೆಂದು ಗೊತ್ತಿದ್ದೂ ಚೊಯ್ "ಆಯಿತು" ಎನ್ನುತ್ತಾರೆ.