ಬೀಸುಕಲ್ಲಿನ ಎರಡು ಕಡೆ

ಗೆಳೆಯರೇ, ಇವತ್ತು ಸಿರಿಗೇರಿಯ ವಾಚನಾಲಯದಲ್ಲಿ ನಡೆದ ಚರ್ಚೆಯ ವರದಿಯನ್ನು ಗೋಡೆಪತ್ರಿಕೆಗೆ ಕೇಳಿದ್ದೀರಿ. ಊರಿಗೆ ಹೊಸದಾಗಿ ಬಂದ ಹಿಟ್ಟಿನ ಗಿರಣಿ ಹೆಂಗಸರ ಭಾರ ಇಳಿಸಿತು ಎಂದು ನಾನು ವಾದಿಸಿದೆ, ನೀವು ಚಪ್ಪಾಳೆ ತಟ್ಟಿದಿರಿ. ನಿಜವಾದ ಚರ್ಚೆ ನಡೆದದ್ದು ಆಮೇಲೆ, ನಮ್ಮ ಮನೆಯಲ್ಲಿ.

ನನ್ನ ಹೆಂಡತಿಗೂ ಅತ್ತಿಗೆಗೂ ಯುಗಾದಿಯಿಂದ ಮಾತಿಲ್ಲ. ಅಣ್ಣ ಬೇರೆ ಒಲೆ ಹೂಡುವ ಮಾತೆತ್ತಿದ್ದಾನೆ. ನಾನು ಮನೆಗೆ ಹೋದಾಗ ಅವ್ವ, ಮೂಲೆ ಸೇರಿದ್ದ ಬೀಸುಕಲ್ಲನ್ನು ನಡುಮನೆಗೆ ಎಳೆಸಿ, ಅದಕ್ಕೆ ಗೂಟ ಬಡಿದು, ಸೊಸೆಯರನ್ನು ಕರೆದಳು.

"ಎದುರುಬದುರು ಕುಂತು ಒಂದ ಗೂಟ ಹಿಡದ್ರ ಸಿಟ್ಟು ಎಷ್ಟೊತ್ತು ಇರತೈತಿ? ಗಿರಣಿ ಬಂದ ಮ್ಯಾಲ ಎದುರು ಕುಂದ್ರೋದ ತಪ್ಪಿ ಹೋತು. ಕೂಡ್ರಿ ಇಬ್ರೂ."

ಇಬ್ಬರೂ ಕೂತರು, ಮುಖ ನೋಡಲಿಲ್ಲ. ಒಬ್ಬಳು ಎಳೆದಾಗ ಇನ್ನೊಬ್ಬಳು ಕೈ ಸಡಿಲ ಬಿಡಬೇಕು, ಇಲ್ಲದಿದ್ದರೆ ಕಲ್ಲು ತಿರುಗುವುದಿಲ್ಲ. ಸ್ವಲ್ಪ ಹೊತ್ತಿಗೆ ಕೈಗಳು ಹೊಂದಿಕೊಂಡವು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಭಾಷಣ ನೆನಪಾಗಿ ನಾನು ತಲೆ ತಗ್ಗಿಸಿದೆ.

ಆಗ ಅತ್ತಿಗೆ ತನ್ನ ಅಂಗೈ ನೋಡಿಕೊಂಡು ನನ್ನ ಹೆಂಡತಿಯನ್ನು ಕೇಳಿದಳು, "ಗಂಗಾ, ನಿನ್ನ ಕೈಯಾಗೂ ಬೊಬ್ಬಿ ಎದ್ದಾವೇನು?"

"ಹೂನಕ್ಕ, ಎದ್ದಾವ."

ಅತ್ತಿಗೆ ಅವ್ವನ ಕಡೆ ತಿರುಗಿದಳು. "ಅತ್ತಿ, ನಾವು ಮಾತಾಡ್ತೀವಿ. ಜ್ವಾಳ ಗಿರಣಿಗೆ ಕಳಿಸ್ರಿ."

ಗಿರಣಿಯೇ ಗೆದ್ದಿತೆಂದು ಬರೆಯಿರಿ. ಗೆಲ್ಲಿಸಿದವರಲ್ಲಿ ನನ್ನ ಹೆಸರು ಬೇಡ. ಜೋಳದ ಚೀಲ ಹೊತ್ತವನು ಎಂದರೆ ಸಾಕು.