ಪಂಪು ಮೊದಲೋ, ಪಹರೆ ಮೊದಲೋ

ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಬಸ್ಸು ಬದಲಿಸುವಾಗ ಒಣಹಣ್ಣಿನ ಅಂಗಡಿಯೊಂದರ ಮುಂದೆ ನಿಂತುಬಿಟ್ಟೆ. ಖರ್ಜೂರದ ಪಕ್ಕದಲ್ಲಿ ಒಂದು ಬುಟ್ಟಿ ತುಂಬ ಕರ್ರಗಿನ ಒಣ ನಿಂಬೆಕಾಯಿ. ಹುಳಿ, ಸ್ವಲ್ಪ ಹೊಗೆ, ಸ್ವಲ್ಪ ಹಳೆಯ ಪೆಟ್ಟಿಗೆಯ ವಾಸನೆ. ವಾಸನೆಯಿಂದ ನೆನಪು ಉಕ್ಕುತ್ತದೆ ಎಂದು ಯಾರಾದರೂ ಹೇಳಿದರೆ ಪುರಾವೆ ಕೇಳುವವಳು ನಾನು. ಆದರೆ ಮೂಗು ನನ್ನ ಅನುಮತಿಗೆ ಕಾಯಲಿಲ್ಲ. ತಾರ್ನಾಕದ ನಮ್ಮ ಮನೆಯ ಮಹಡಿ ಮೆಟ್ಟಿಲು, ಅಲ್ಲಿ ಈ ಕಾಯಿ ಕುದಿಸಿದ ಚಹಾ ಹಿಡಿದು ಕೂತ ಸಮೀರ್, ಇಬ್ಬರೂ ಒಟ್ಟಿಗೇ ಬಂದರು. ಮೆಟ್ಟಿಲನ್ನೂ ಒಬ್ಬರೆಂದು ಎಣಿಸಿದ್ದಕ್ಕೆ ಕ್ಷಮಿಸಿ. ಅವನು ಅದರ ಮೇಲೆಯೇ ವಾಸವಿದ್ದ.

ಸಮೀರ್ ನಮ್ಮ ಮಹಡಿ ಕೋಣೆಯ ಬಾಡಿಗೆದಾರ. ಪಕ್ಕದ ವಿಶ್ವವಿದ್ಯಾಲಯದಲ್ಲಿ ನೀರು ಸರಬರಾಜಿನ ಎಂಜಿನಿಯರಿಂಗ್ ಓದಲು ಬಂದವನು. ಅವನ ದೇಶದ ಹೆಸರು ಬರೆಯಬೇಡ ಎಂದಿದ್ದಾನೆ. ನೀವು ಯಾವ ಹೆಸರು ಊಹಿಸಿಕೊಂಡರೂ ಹೊಂದುತ್ತದೆ, ಅದೇ ಬೇಸರದ ಸಂಗತಿ. ಅಲ್ಲಿ ಯುದ್ಧ ಮುಗಿದಿತ್ತು. ಗೆದ್ದ ದೊಡ್ಡ ದೇಶದ ಸೈನ್ಯ ಮಾತ್ರ ಅವನ ಊರಿನಲ್ಲೇ ಉಳಿದುಕೊಂಡಿತ್ತು. ಅವನ ಮನೆ ನಿಂತಿತ್ತು, ಆದರೆ ಊರಿನ ಪಂಪ್‌ಹೌಸ್ ಕುಸಿದು ನಲ್ಲಿಗಳೆಲ್ಲ ಒಣಗಿದ್ದವು. ಹಾಗಾಗಿ ಅವನ ತಾಯಿ ಸ್ವಂತ ಮನೆಯಿದ್ದೂ ದೂರದ ಶಿಬಿರದ ಡೇರೆಯಲ್ಲಿದ್ದರು.

ಒಂದು ಸಂಜೆ ಅವನು ಕೆಳಗಿಳಿದು ಬಂದ. ಆ ದೊಡ್ಡ ದೇಶದ ಶಾಸಕರ ಸಮಿತಿಯೊಂದು ಯುದ್ಧ ನಡೆದ ಊರುಗಳವರ ಮಾತನ್ನು ವೀಡಿಯೊದಲ್ಲಿ ಕೇಳಲಿದೆಯಂತೆ. ಮುಂದಿನ ವರ್ಷದ ಹಣ ಪೂರ್ತಿ ಸೈನ್ಯಕ್ಕೋ, ಅಥವಾ ನೀರು, ಕರೆಂಟು, ಶಾಲೆಗೂ ಕೊಡಬೇಕೋ ಎಂಬ ಪ್ರಶ್ನೆ. ಇವನಿಗೂ ಕೆಲವು ನಿಮಿಷ ಸಿಕ್ಕಿತ್ತು.

‘ನೀನು ಮಾತಾಡಿ ಕಪ್ ಗೆಲ್ಲುತ್ತೀಯಲ್ಲ, ನನಗೂ ಕಲಿಸು’ ಎಂದ. ಅವನದು ಪಕ್ಕಾ ಹೈದರಾಬಾದಿ ಹಿಂದಿ, ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅವ್ವನ ಊರಕಡೆಯ ಕನ್ನಡ ಮಾತ್ರ ಅವನಿಗೆ ಕೇಳಿ ಕೇಳಿ ಅರ್ಥವಾಗುತ್ತಿತ್ತು.

ನನ್ನ ಕಪ್‌ಗಳ ಬಗ್ಗೆ ಒಂದು ಮಾತು. ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂಬುದನ್ನು ನಾವು ಆರಿಸುವಂತಿಲ್ಲ, ಅವರು ಕೊಡುತ್ತಾರೆ. ಬೆಳಿಗ್ಗೆ ಅಣೆಕಟ್ಟು ಬೇಕೆಂದು, ಮಧ್ಯಾಹ್ನ ಅದೇ ಅಣೆಕಟ್ಟು ಬೇಡವೆಂದು ವಾದಿಸಿ ಎರಡರಲ್ಲೂ ಗೆದ್ದವಳು ನಾನು. ದೊಡ್ಡ ಕಪ್ಪಿನಲ್ಲಿ ಅವ್ವ ಬಟ್ಟೆಯ ಕ್ಲಿಪ್ಪು ಹಾಕಿಡುತ್ತಾಳೆ. ನನ್ನ ವಾದಗಳಿಂದ ಈ ಮನೆಗೆ ಆದ ಉಪಯೋಗ ಅಷ್ಟು.

ಸರಿ, ತಾಲೀಮು ಶುರುವಾಯಿತು. ನಾನು ಶಾಸಕಿಯಾಗಿ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತೆ. ‘ನಮ್ಮ ಸೈನ್ಯ ವಾಪಸು ಬಂದರೆ ನಿಮ್ಮ ಪಂಪನ್ನು ಕಾಯುವವರು ಯಾರು? ಮೊದಲ ವಾರವೇ ತಂತಿ ಕದ್ದು ಮಾರುತ್ತಾರೆ.’

‘ಹೌ, ಹೌದು, ಕದಿಯುತ್ತಾರೆ’ ಎಂದ ಸಮೀರ್.

‘ಒಪ್ಪಿಕೊಳ್ಳಬೇಡ! ಒಪ್ಪಿಕೊಂಡರೆ ಸೋತ ಹಾಗೆ.’

‘ಆದರೆ ಕದಿಯುತ್ತಾರಲ್ಲ. ನನ್ನ ಚಿಕ್ಕಪ್ಪನ ಮಗನೇ ಕದ್ದಿದ್ದಾನೆ.’

ಅಡುಗೆಮನೆಯಿಂದ ಅವ್ವ ಬಂದಳು. ‘ಸಮೀರಪ್ಪಾ, ಇಕಿ ಜೋಡಿ ವಾದಾ ಹಾಕಬ್ಯಾಡ. ಹುಟ್ಟಿದಾಗಿಂದ ಒಮ್ಮೀನೂ ಸೋತಿಲ್ಲ, ಅದಕ್ಕ ಶಾಣೇತನ ಬಂದಿಲ್ಲ.’ ಆಮೇಲೆ ನನ್ನ ಕಡೆ ತಿರುಗಿ, ‘ನಮ್ಮ ಮಹಡಿ ಖೋಲಿ ನೋಡಾಕ ಬಂದವರು ಮದಲ ಏನ ಕೇಳ್ತಾರ? ವಾಚ್‌ಮನ್ ಅದಾನೇನಂತ ಕೇಳ್ತಾರೇನು? ನಳಾ ಬರತೈತೇನಂತ ಕೇಳ್ತಾರ!’

‘ಅವ್ವಾ, ಇದು ಬಾಡಿಗೆ ಮಾತಲ್ಲ, ಭದ್ರತೆ ಮಾತು.’

‘ಮಂದಿನ ಇರಲಾರದ ಓಣ್ಯಾಗ ಯಾವ ಭದ್ರತೆ ಬೇ?’

ನಾನು ಅದನ್ನು ತಾಯಂದಿರ ಮಾತು ಎಂದು ಪಕ್ಕಕ್ಕಿಟ್ಟೆ. ಸಮೀರ್ ಮಾತ್ರ ಚಹಾ ಕುಡಿಯುತ್ತ ಅವಳನ್ನೇ ನೋಡುತ್ತಿದ್ದ.

ಸಮಿತಿಯ ದಿನ ಲ್ಯಾಪ್‌ಟಾಪು ನಮ್ಮ ಊಟದ ಮೇಜಿನ ಮೇಲೆ ಬಂತು. ಅವ್ವ ಕುಕ್ಕರಿಗೆ ರಜೆ ಕೊಟ್ಟಳು. ನಾನು ಕೇಳಿದ ಪ್ರಶ್ನೆಯನ್ನೇ ಒಬ್ಬ ಶಾಸಕ ಕೇಳಿದಾಗ ನನಗೆ ಹೆಮ್ಮೆಯೇ ಆಯಿತು. ಸಮೀರ್ ಹೇಳಿದ, ‘ಮೊದಲ ಕೆಲವು ತಿಂಗಳು ಕಾವಲು ಬೇಕು ಸರ್, ಒಪ್ಪುತ್ತೇನೆ.’ ನಾನು ಕ್ಯಾಮೆರಾದ ಹಿಂದೆ ಹಣೆ ಚಚ್ಚಿಕೊಂಡೆ. ಅವನು ಮುಂದುವರಿಸಿದ, ‘ಆದರೆ ಪಂಪೇ ಇಲ್ಲದ ಊರಿನಲ್ಲಿ ನಿಮ್ಮ ಹುಡುಗರು ಈಗ ಕಾಯುತ್ತಿರುವುದು ಏನನ್ನು?’

ಪರದೆಯಲ್ಲಿ ಒಬ್ಬರು ಗಡಿಯಾರ ನೋಡಿದರು. ಆಮೇಲೆ ಧನ್ಯವಾದ ಹೇಳಿದರು.

ಕೆಲವು ವಾರಗಳ ನಂತರ ನಿರ್ಧಾರ ಬಂತು. ಹಣವೆಲ್ಲ ಸೈನ್ಯಕ್ಕೆ, ಪಂಪಿನ ವಿಚಾರ ‘ಪರಿಸ್ಥಿತಿ ಸುಧಾರಿಸಿದ ಮೇಲೆ’. ಸಮೀರ್ ಮೆಟ್ಟಿಲ ಮೇಲೆ ಕೂತು ನಕ್ಕ. ‘ಪರಿಸ್ಥಿತಿ ಅಂದರೆ ಯಾರು? ನನ್ನ ಅಮ್ಮ. ಅವಳು ಹೋಗಿ ಒಲೆ ಹಚ್ಚಿದರೆ ಪರಿಸ್ಥಿತಿ ಸುಧಾರಿಸಿತು. ಒಲೆ ಹಚ್ಚಬೇಕಾದರೆ ನೀರು ಬೇಕು.’

ಇಷ್ಟು ಸರಳವಾದ ಸುತ್ತುವಾದವನ್ನು ನಾನು ಕಾಲೇಜಿನ ಹುಡುಗರ ಬಾಯಲ್ಲಾದರೆ ಅರೆಕ್ಷಣದಲ್ಲಿ ಹಿಡಿಯುತ್ತಿದ್ದೆ. ನೀರಿಲ್ಲ, ಅದಕ್ಕೆ ಜನರಿಲ್ಲ. ಜನರಿಲ್ಲದ ಬೀದಿಗೆ ಬಂದೂಕಿನವರು ಬರುತ್ತಾರೆ, ಅದಕ್ಕೆ ಸೈನ್ಯ ಬೇಕು. ಸೈನ್ಯಕ್ಕೆ ಹಣ ಹೋಯಿತು, ಅದಕ್ಕೆ ನೀರಿಲ್ಲ. ಬಜೆಟ್ಟಿನ ವೇಷದಲ್ಲಿ ಬಂದರೆ ಎಂಥ ಗಾಣದೆತ್ತೂ ಮುಂದಕ್ಕೆ ನಡೆಯುತ್ತಿರುವಂತೆ ಕಾಣುತ್ತದೆ! ಸೈನಿಕರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಕೊಟ್ಟ ಕೆಲಸ ಕಾಯುವುದು, ಕಾಯುತ್ತಾರೆ. ಮೇಷ್ಟ್ರಿಗೆ ಸಂಬಳ ಕೊಡುವುದು, ಪೈಪು ಜೋಡಿಸುವುದು, ಆಸ್ಪತ್ರೆಗೆ ಕರೆಂಟು ಎಳೆಯುವುದು ಅವರ ಕೈಯ ಕೆಲಸವಲ್ಲ. ಆ ಕೆಲಸದವರನ್ನು ನಾವು ಕಳಿಸುವುದೇ ಇಲ್ಲ, ಕಳಿಸದೇ ಇದ್ದು ಶಾಂತಿ ಯಾಕೆ ಬರಲಿಲ್ಲ ಎಂದು ಮತ್ತೆ ಸೈನಿಕರನ್ನೇ ಕೇಳುತ್ತೇವೆ.

ಸಮೀರ್ ಓದು ಮುಗಿಸಿ ಊರಿಗೆ ಹೋದ. ಅಲ್ಲಿನ ಪುರಸಭೆಯಲ್ಲಿ, ಸಂಬಳ ಬಂದಾಗ ಬರುವ ಕೆಲಸ. ತಾಯಿ ಇನ್ನೂ ಡೇರೆಯಲ್ಲೇ ಇದ್ದಾರೆ.

ಈಗ ನಮ್ಮ ದೇಶವೂ ಅಲ್ಲಿಗೆ ನೆರವು ಕೊಡುವ ಮಾತು ನಡೆದಿದೆ. ಟಿವಿಯಲ್ಲಿ ಎಲ್ಲರೂ ಕೇಳುತ್ತಿರುವುದು ಎಷ್ಟು ಯೋಧರನ್ನು ಕಳಿಸಬೇಕು ಎಂದು. ದೆಹಲಿಯ ಸದನದಲ್ಲಿ ಕೂರುವ ಸದಸ್ಯರೊಬ್ಬರು ಭಾನುವಾರ ಬೇಗಂಪೇಟೆಯ ಕಚೇರಿಯಲ್ಲಿ ಜನರನ್ನು ಕಾಣುತ್ತಾರೆ. ಹೋದ ಭಾನುವಾರ ನಾನೂ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಅವರು ತೆಲುಗಿನಲ್ಲಿ, ‘ಡ್ರೈನೇಜೀ ಸಮಸ್ಯಾ ಅಮ್ಮಾ?’ ಎಂದು ಕೇಳಿದರು.

‘ಹೌದು ಸರ್, ನಮ್ಮ ಕಾಲೋನಿಯದಲ್ಲ’ ಎಂದೆ. ಕಾವಲು ಬೇಕೆಂದು ಮೊದಲೇ ಒಪ್ಪಿಕೊಂಡೆ. ಆಮೇಲೆ, ನಮ್ಮ ಪಾಲಿನ ಹಣ ಎಂಜಿನಿಯರು, ದಾದಿ, ಮೇಷ್ಟ್ರುಗಳಿಗೆ ಹೋಗಲಿ ಎಂದು ಸದನದಲ್ಲಿ ಕೇಳಿ ಎಂದೆ. ಯಾರೂ ಕೊಡದ ಪಕ್ಷವನ್ನು ನಾನಾಗಿ ಹಿಡಿದದ್ದು ಅದೇ ಮೊದಲು. ಅವರು ಫೋನು ಕೆಳಗಿಟ್ಟು ಕೇಳಿಸಿಕೊಂಡರು, ನೋಡೋಣ ಎಂದರು.

ಆ ರಾತ್ರಿ ಸಮೀರನಿಗೆ ತಿಳಿಸಿದೆ. ‘ಗೆದ್ದೆಯಾ?’ ಎಂದು ಕೇಳುತ್ತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದು, ‘ಶಿಬಿರಕ್ಕೆ ಬಂದಿದ್ದೇನೆ, ಅಮ್ಮ ಪಕ್ಕದಲ್ಲೇ ಇದ್ದಾಳೆ. ಬೇಸಿಗೆಯೊಳಗೆ ನೀರು ಬರುತ್ತಾ ಅಂತ ಕೇಳುತ್ತಿದ್ದಾಳೆ. ಏನು ಹೇಳಲಿ?’

‘ಇನ್ನೊಮ್ಮೆ ಕೇಳಿ ಬರುತ್ತೇನೆ ಅಂತ ಹೇಳು’ ಎಂದೆ. ಈ ಭಾನುವಾರ ಮತ್ತೆ ಹೋಗುತ್ತಿದ್ದೇನೆ. ಅವ್ವನೂ ಬರುತ್ತಾಳಂತೆ. ನಿಮ್ಮ ಊರಿನಲ್ಲೂ ಅಂಥ ಒಂದು ಕಚೇರಿ, ಅಂಥ ಒಂದು ಸಾಲು ಇದ್ದೇ ಇರುತ್ತದೆ. ಹೋಗುತ್ತೀರಾ?