ಮೊಮ್ಮಗಳ ಪಾಲಿನ ದಿಮ್ಮಿ

ನಿಜ್ವಾ ಪಟ್ಟಣದ ಹತ್ತಿರದ ಈ ಬೆಟ್ಟದೂರಿನಲ್ಲಿ ಜೇನು ಸಾಕುವುದು ಪೆಟ್ಟಿಗೆಯಲ್ಲಲ್ಲ, ಖರ್ಜೂರ ಮರದ ಟೊಳ್ಳು ದಿಮ್ಮಿಯಲ್ಲಿ. ಚಳಿಗೆ ಯಾವ ಗೂಡು ಉಳಿದಿದೆ, ಯಾವುದು ಸತ್ತಿದೆ ಎಂದು ಮುದುಕ ಹಮದ್ ಒಂದೊಂದಕ್ಕೂ ಕಿವಿಯಿಟ್ಟು ನೋಡುತ್ತಿದ್ದರು. ನನ್ನ ಕಾಲಂತೂ ನೆಲದ ಮೇಲಿರಲಿಲ್ಲ. ಮೊನ್ನೆಯಷ್ಟೇ ಮಸ್ಕತ್ತಿನಲ್ಲಿ ಮಗಳು ಹೆತ್ತಿದ್ದಾಳೆ, ಹೆಣ್ಣು ಮಗು! ಬಾಣಂತಿಗೆ ಜೇನು ತರಲು ಅಳಿಯನ ಜೊತೆ ಬಂದವನು ಖುಷಿಯ ಭರದಲ್ಲಿ ಮೇಲಿನ ದಿಮ್ಮಿ ತೋರಿಸಿ, “ಇದು ನನ್ನ ಮೊಮ್ಮಗಳದ್ದು!” ಎಂದುಬಿಟ್ಟೆ. ಅಳಿಯ ಅದನ್ನು ಹಮದ್‌ಗೆ ತಿಳಿಯುವ ಹಿಂದಿಯಲ್ಲಿ ಹೇಳಿದ.

ಹಮದ್ ನಗುತ್ತಾ ಅದಕ್ಕೆ ಕಿವಿಯಿಟ್ಟರು. ನಗು ಮಾಯವಾಯಿತು. ಬೆರಳಿನಿಂದ ತಟ್ಟಿ ಮತ್ತೆ ಕಿವಿಯಿಟ್ಟರು.

ಹೆಸರಿಡುವ ಮೊದಲು ಕೂಸಿನ ಪಾಲಿಗೆಂದು ಏನನ್ನೂ ಹೇಳಬಾರದು ಎಂಬುದು ನಮ್ಮ ಮನೆಯ ಪದ್ಧತಿ. ನಾನು ಸತ್ತ ಗೂಡನ್ನೇ ಅವಳ ಪಾಲಿಗೆ ಹೇಳಿದೆನೇ?

“ಬೇರೆ ದಿಮ್ಮಿ ತೋರಿಸಿ ಮಾವ, ಆಯ್ತಲ್ಲ,” ಎಂದ ಅಳಿಯ.

“ಹೇಳಿದ್ದನ್ನು ವಾಪಸ್ ತೆಗೊಳ್ಳಲಿಕ್ಕೆ ಆಗ್ತದಾ ಮಾರಾಯ? ಮುಚ್ಚಳ ತೆಗೀಲಿಕ್ಕೆ ಹೇಳು.”

ಚಳಿಯಲ್ಲಿ ತೆಗೆಯಬಾರದೆಂದು ಹಮದ್ ತಲೆಯಾಡಿಸಿದರು. ಆಮೇಲೆ ನನ್ನ ಮುಖ ನೋಡಿ, ಅಂಚಿನ ಮಣ್ಣು ಕೆರೆದು ಮುಚ್ಚಳವನ್ನು ತುಸು ಸರಿಸಿದರು. ಒಳಗೆ ಕಪ್ಪಗೆ ಮುದ್ದೆಗಟ್ಟಿದ್ದ ಹುಳುಗಳು ಅಲುಗಲಿಲ್ಲ. ತಡೆಯಲಾರದೆ ಬಗ್ಗಿದೆ. ನನ್ನ ಬಿಸಿ ಉಸಿರು ತಾಗಿದ್ದೇ ತಡ, ಜುಂಯ್ ಎಂದು ಒಂದು ಹಾರಿಬಂದು ಮೂಗಿಗೇ ಕುಟುಕಿತು.

“ಖಲಾಸ್!” ನೋಡಿದ್ದು ಸಾಕೆಂಬಂತೆ ಹಮದ್ ಮುಚ್ಚಳ ಹಾಕಿ ಏನೋ ಹೇಳಿ ನಕ್ಕರು.

“ನಿಮ್ಮ ಮೊಮ್ಮಗಳಿಗೆ ಸಿಟ್ಟು ಜೋರಂತೆ ಮಾವ,” ಎಂದ ಅಳಿಯ.

“ಇರಲಿ ಮಾರಾಯ, ಜೋರೇ ಇರಲಿ!” ಎಂದೆ, ಮೂಗು ಹಿಡಿದುಕೊಂಡು.